ಬುಂದಿಯ ಮುಖ

ಬಾಗಿಲು ತೆರೆದ ಕೂಡಲೇ ಸಂಗಮೇಶನಿಗೆ ಇವತ್ತೂ ಏನೋ ಆಗಿದೆಯೆಂದು ಗೊತ್ತಾಯಿತು.

ಬುಂದಿ ಎದುರಿಗೆ ಓಡಿ ಬರಲಿಲ್ಲ. ಊಟದ ಮೇಜಿನ ಕೆಳಗೆ ನೆಲಕ್ಕೆ ಹೊಟ್ಟೆ ಆನಿಸಿ ಮುದುರಿಕೊಂಡಿತ್ತು. ಎರಡೂ ಕಿವಿ ಹಿಂದಕ್ಕೆ ಮಡಚಿ ತಲೆಗೆ ಅಂಟಿಕೊಂಡಿದ್ದವು. ಮುಖ ಗೋಡೆಯ ಕಡೆಗಿತ್ತು, ಕಣ್ಣು ಮಾತ್ರ ಓರೆಯಾಗಿ ಅವನ ಮೇಲಿತ್ತು. ನಾಲಗೆಯಿಂದ ಒಮ್ಮೆ ಮೂಗು ಸವರಿಕೊಂಡಿತು. ಬಾಲದ ತುದಿ ನೆಲದ ಮೇಲೆ ಎರಡು ಸಲ ಅಲ್ಲಾಡಿ ಸುಮ್ಮನಾಯಿತು.

"ಏನ್ ಮಾಡಿದೀ?" ಎಂದ. ಹೆಲ್ಮೆಟ್ಟು ಇನ್ನೂ ತಲೆಯ ಮೇಲೇ ಇತ್ತು.

ನಾಯಿ ಇನ್ನಷ್ಟು ಸಣ್ಣದಾಯಿತು. ಅವನು ಅಡುಗೆಮನೆ ನೋಡಿದ, ಬಚ್ಚಲು ನೋಡಿದ, ಮಂಚದ ಕೆಳಗೆ ಬಗ್ಗಿ ನೋಡಿದ. ಕೊನೆಗೆ ಸೋಫಾದ ಹಿಂದೆ ಸಿಕ್ಕಿತು. ದೀಪಾವಳಿಗೆ ಕೊಂಡ ಚರ್ಮದ ಚಪ್ಪಲಿ, ಎಡಗಾಲಿನದು. ಉಂಗುಟ ಜಗಿದು ಉಗುಳಿದ ಕಬ್ಬಿನ ಸಿಪ್ಪೆಯಂತೆ ನಾರುನಾರಾಗಿತ್ತು. ಅಂಚಿನುದ್ದಕ್ಕೂ ಹಲ್ಲಿನ ತೂತು.

"ನೋಡ, ಮುಖಾ ನೋಡ ಆಕೀದು," ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ತೋರಿಸಿದ. "ತಪ್ಪು ಮಾಡೇನಿ ಅಂತ ಆಕೀಗೇ ಗೊತ್ತೈತಿ. ಗೊತ್ತಿದ್ದೂ ಮಾಡತಾಳ. ಸೊಕ್ಕು."

"ಹೊಸಾ ಚಪ್ಪಲಿ ಮ್ಯಾಲ ಇಡ್ರಿ ಅಂತ ಎಷ್ಟ ಸಲ ಹೇಳೇನಿ," ಎಂದಳು ಭಾಗ್ಯಜ್ಯೋತಿ.

ಅವನು ಅದೇ ಚಪ್ಪಲಿಯಿಂದ ನಾಯಿಯ ಬೆನ್ನಿಗೆ ಒಂದು ಬಿಟ್ಟ. ಬುಂದಿ ಕೂಗಲಿಲ್ಲ, ಓಡಲೂ ಇಲ್ಲ. ಒಳಕೋಣೆಯ ಮಂಚದ ಮೇಲೆ ಪುಸ್ತಕ ಹಿಡಿದು ಕೂತಿದ್ದ ಮಗಳು ಮೇಘಶ್ರೀ ತಲೆ ಎತ್ತಲಿಲ್ಲ. ಪುಟವನ್ನೂ ತಿರುಗಿಸಲಿಲ್ಲ.

ಸಂಗಮೇಶ ಗಜೇಂದ್ರಗಡದ ಕಡೆಯವನು. ಬೆಂಗಳೂರಿಗೆ ಬಂದು ಹತ್ತು ವರ್ಷವಾಗಿತ್ತು. ಬಿಟಿಎಂ ಎರಡನೇ ಹಂತದಲ್ಲಿ ಕಮಲಾದೇವಿಯವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದು, ಬಿಳೇಕಹಳ್ಳಿಯ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಸೂಪರ್‌ವೈಸರ್ ಆಗಿದ್ದ. ಮುನ್ನೂರ ಇಪ್ಪತ್ತು ಮನೆ. ಯಾರದೋ ನಲ್ಲಿ ಸೋರಿದರೆ, ಯಾರದೋ ಕಾರಿನ ಜಾಗದಲ್ಲಿ ಇನ್ನಾರದೋ ಕಾರು ನಿಂತರೆ, ಟ್ಯಾಂಕರ್ ತಡವಾದರೆ, ಲಿಫ್ಟು ನಡುವೆ ನಿಂತರೆ ಮೊದಲು ಬಡಿದುಕೊಳ್ಳುವುದು ಅವನ ಫೋನು. ಬೆಳಗಿನಿಂದ ಸಂಜೆಯವರೆಗೆ ಅವನು ಆಡುತ್ತಿದ್ದ ಮಾತು ಎರಡೇ. "ಸಾರಿ ಸಾರ್." "ಚೆಕ್ ಮಾಡಿಸ್ತೀನಿ ಮೇಡಂ." ಊರಿನ ಮಾತನ್ನು ಗೇಟಿನ ಹೊರಗೇ ಬಿಟ್ಟು ಒಳಗೆ ಹೋಗುತ್ತಿದ್ದ.

ನಾಯಿ ಬಂದದ್ದು ಹಿಂದಿನ ವರ್ಷ. ಟ್ಯೂಷನ್ ಮನೆಯ ಪಕ್ಕದ ಖಾಲಿ ಸೈಟಿನಿಂದ ಮೇಘಶ್ರೀ ಎತ್ತಿಕೊಂಡು ಬಂದಿದ್ದಳು, ಸ್ಕೂಲ್ ಬ್ಯಾಗಿನೊಳಗೆ ಟಿಫಿನ್ ಡಬ್ಬಿಯ ಜಾಗದಲ್ಲಿಟ್ಟುಕೊಂಡು. ಬಣ್ಣ ಬುಂದಿ ಲಾಡಿನಂತಿತ್ತು, ಹೆಸರೂ ಅದೇ ಆಯಿತು. ಸಂಗಮೇಶ ಬೇಡವೆನ್ನಲಿಲ್ಲ. ಊರಲ್ಲಿ ಅವರ ಮನೆಯಲ್ಲೂ ನಾಯಿ ಇದ್ದವು. ಆದರೆ ಆ ನಾಯಿಗಳು ಬಾಗಿಲ ಹೊರಗೆ ರೊಟ್ಟಿ ತಿಂದು ಹೊಲಕ್ಕೆ ಹೋಗುತ್ತಿದ್ದವು. ಅವುಗಳ ಮನಸ್ಸಿನಲ್ಲಿ ಏನಿದೆಯೆಂದು ಯಾರೂ ಕೇಳಿಕೊಂಡಿರಲಿಲ್ಲ. ಇಲ್ಲಿ ಎರಡು ಕೋಣೆಯ ಮನೆಯಲ್ಲಿ ಅದು ದಿನವಿಡೀ ಕಾಲಿಗೆ ತೊಡರುತ್ತಿತ್ತು. ಡೆಲಿವರಿಯವರು ಬಂದರೆ ಗ್ರಿಲ್ಲಿಗೆ ಹಾರಿ ಬೊಗಳುತ್ತಿತ್ತು. ವಾಕಿಂಗಿಗೆ ಕರೆದೊಯ್ದರೆ ಅವನನ್ನೇ ಎಳೆದುಕೊಂಡು ಹೋಗುತ್ತಿತ್ತು. ಯೂಟ್ಯೂಬಿನಲ್ಲಿ ನೋಡಿ ಕೈಯಲ್ಲಿ ಬಿಸ್ಕತ್ತು ಹಿಡಿದು "ಸಿಟ್, ಸಿಟ್" ಎಂದು ವಾರಗಟ್ಟಲೆ ಹೇಳಿದ್ದ. ಮಗಳು ಹೇಳಿದರೆ ಅದು ಕೂರುತ್ತಿತ್ತು. ಅವನ ಮುಂದೆ ಮಲಗಿಬಿಡುತ್ತಿತ್ತು.

ಚಪ್ಪಲಿ ಹರಿದ ವಾರವೇ ರೇಬೀಸ್ ಚುಚ್ಚುಮದ್ದಿನ ದಿನವೂ ಬಂತು. ಸ್ಕೂಟರಿನ ಮುಂದೆ ಕಾಲಿಡುವ ಜಾಗದಲ್ಲಿ ನಾಯಿಯನ್ನು ನಿಲ್ಲಿಸಿಕೊಂಡು, ಹಿಂದೆ ಮಗಳನ್ನು ಕೂರಿಸಿಕೊಂಡು ಜಯನಗರದ ಕ್ಲಿನಿಕ್ಕಿಗೆ ಹೋದ. ಡಾಕ್ಟರ್ ಜ್ಯೋತ್ಸ್ನಾ ಮೂವತ್ತರ ಹೆಣ್ಣುಮಗಳು. ಮಾತನಾಡುತ್ತ ಮಾತನಾಡುತ್ತಲೇ ಸೂಜಿ ಚುಚ್ಚಿ ಮುಗಿಸಿದ್ದಳು.

"ಇನ್ನೇನಾದ್ರೂ ತೊಂದ್ರೆ ಇದ್ಯಾ ಸಾರ್?"

"ತೊಂದ್ರಿ ಒಂದs ಏನ್ರಿ ಮೇಡಂ. ಸಿಕ್ಕಿದ್ದೆಲ್ಲ ಕಡೀತಾಳ. ಕಡದು, ನಾ ಬರೂದರಾಗ ತಪ್ಪು ಮಾಡಿದವರಂಗ ಮುಖಾ ಸಣ್ಣ ಮಾಡ್ಕೊಂಡು ಕುಂತಿರ್ತಾಳ. ಗೊತ್ತಿದ್ದು ಮಾಡೂದ್ರಿ ಇದು."

"ನೀವು ಮನೆಗೆ ಬರೋದು ಎಷ್ಟೊತ್ತಿಗೆ?"

"ಏಳಕ್ಕ."

"ಅದು ಕಚ್ಚಿರೋದು ಮಧ್ಯಾಹ್ನ ಯಾವಾಗ್ಲೋ. ಅದಕ್ಕೂ ಸಂಜೆ ನೀವು ಬೈಯೋದಕ್ಕೂ ಸಂಬಂಧ ಅದಕ್ಕೆ ಗೊತ್ತಾಗಲ್ಲ ಸಾರ್. ತಪ್ಪಾಯ್ತು ಅಂತ ಅಲ್ಲ ಆ ಮುಖ. ನಿಮ್ಗೆ ಹೆದರ್ಕೊಂಡು ಮಾಡೋದು. ಬೇಡ, ಕೋಪ ಮಾಡ್ಕೋಬೇಡಿ ಅಂತ."

"ನಾ ಸಿಟ್ಟಿಗೆ ಬಂದೇ ಇರಂಗಿಲ್ಲಲ್ರಿ. ಬಾಗಲಾ ತಗಿಯೂದರಾಗ ಹಂಗ ಕುಂತಿರ್ತಾಳ."

ಡಾಕ್ಟರ್ ಬುಂದಿಯ ಕುತ್ತಿಗೆ ತುರಿಸುತ್ತ, "ಮೆಟ್ಲು ಹತ್ತೋ ಸದ್ದಲ್ಲೇ ಗೊತ್ತಾಗುತ್ತೆ ಅವಕ್ಕೆ," ಎಂದಳು. ಹೊರಗೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು.

ಸ್ಕೂಟರ್ ಏರುವಾಗ ಸಂಗಮೇಶ ನಕ್ಕ. "ಪುಸ್ತಕದಾಗಿಂದು ಹೇಳತಾರ ಇವ್ರು. ನಾ ಏನ್ ರಾಕ್ಷಸನಾ?" ಮೇಘಶ್ರೀ ನಗಲಿಲ್ಲ. ತಂದೆಯ ಪಕ್ಕದಿಂದ ಬಗ್ಗಿ ನಾಯಿಯ ಬಾಲ ಚಕ್ರಕ್ಕೆ ಸಿಗದಂತೆ ಸರಿಮಾಡಿದಳು.

ಆಮೇಲಿನ ಒಂದು ಗುರುವಾರ ಬೆಳಿಗ್ಗೆಯೇ ಕೆಟ್ಟಿತ್ತು. ಸಿ ಬ್ಲಾಕಿನ ಲಿಫ್ಟಿನಲ್ಲಿ ಯಾರದೋ ನಾಯಿ ಉಚ್ಚೆ ಹೊಯ್ದಿದೆಯೆಂದು ಸಂಘದ ಕಾರ್ಯದರ್ಶಿ ಸಂಜೀವಯ್ಯನವರು ಲಾಬಿಯಲ್ಲಿ ನಿಂತು ಅವನನ್ನು ಕರೆಸಿದರು. ಗುಡಿಸುವ ಹೆಂಗಸರು, ಇಬ್ಬರು ಸೆಕ್ಯುರಿಟಿಯವರು, ಹಾಲು ತರಲು ಹೊರಟಿದ್ದ ಒಬ್ಬಾಕೆ, ಎಲ್ಲರೂ ಇದ್ದರು.

"ಏನ್ರೀ ಸಂಗಮೇಶ್, ಸಂಬಳ ಯಾಕ್ರೀ ತಗೋತೀರ? ಮೂಗಿಲ್ವಾ ನಿಮ್ಗೆ? ಯಾವ ಮನೆ ನಾಯಿ ಅಂತ ಹನ್ನೊಂದು ಗಂಟೆ ಒಳ್ಗೆ ನಂಗೆ ಹೇಳ್ಬೇಕು."

"ಸಾರಿ ಸಾರ್. ಚೆಕ್ ಮಾಡಿಸ್ತೀನಿ ಸಾರ್."

ಆ ಅಪಾರ್ಟ್‌ಮೆಂಟಿನಲ್ಲಿ ತಪ್ಪು ಯಾರದೆಂದು ತಿಳಿಯಲು ನಲವತ್ತೆಂಟು ಕ್ಯಾಮೆರಾ ಇದ್ದವು. ಸಂಗಮೇಶ ಕಂಟ್ರೋಲ್ ರೂಮಿನಲ್ಲಿ ಕೂತು ಬೆಳಗಿನ ಆರರಿಂದ ನೋಡಿದ. ಯಾವ ನಾಯಿಯೂ ಆ ಲಿಫ್ಟು ಹತ್ತಿರಲಿಲ್ಲ. ಏಳೂ ಹತ್ತಕ್ಕೆ ಸಂಜೀವಯ್ಯನವರೇ ಎಳನೀರು ತುಂಬಿದ ಪ್ಲಾಸ್ಟಿಕ್ ಕವರು ಹಿಡಿದು ಹತ್ತಿದ್ದರು. ಕವರಿನ ಮೂಲೆಯಿಂದ ಐದನೇ ಮಹಡಿಯವರೆಗೂ ಹನಿ ಬೀಳುತ್ತಿತ್ತು. ಅವನು ಅದನ್ನು ಎರಡು ಸಲ ನೋಡಿದ. ಹನ್ನೊಂದಕ್ಕೆ ಹೋಗಿ, "ಕ್ಯಾಮೆರಾದಲ್ಲಿ ಸರಿಯಾಗಿ ಕಾಣಿಸ್ತಿಲ್ಲ ಸಾರ್, ಸಾರಿ," ಎಂದ. ಅದಕ್ಕೂ ಬೈಸಿಕೊಂಡ.

ಇನ್ನೆರಡು ದಿನ ಎಂದು ಸಮಾಧಾನ ಮಾಡಿಕೊಂಡಿದ್ದ. ಶನಿವಾರ ಜಯನಗರದ ಒಂದು ಆಫೀಸು ಕಟ್ಟಡದಲ್ಲಿ ಅವನಿಗೆ ಇಂಟರ್‌ವ್ಯೂ ಇತ್ತು, ಮ್ಯಾನೇಜರ್ ಕೆಲಸಕ್ಕೆ. ಅಲ್ಲಿ ಯಾರೂ ಸಂಸಾರ ಹೂಡುವುದಿಲ್ಲ, ಆರು ಗಂಟೆಗೆ ದೀಪ ಆರಿಸಿ ಹೋಗುತ್ತಾರೆ. ಅದಕ್ಕೆಂದೇ ಬುಧವಾರ ಟ್ರಂಕಿನ ತಳದಿಂದ ಡಿಪ್ಲೊಮಾದ ಅಸಲು ಪ್ರಮಾಣಪತ್ರ ತೆಗೆದು ಫೈಲಿನಲ್ಲಿ ಹಾಕಿ ಮೇಜಿನ ಮೇಲಿಟ್ಟಿದ್ದ. ಹುಬ್ಬಳ್ಳಿಯಲ್ಲಿ ಮಾವನ ಮನೆಯ ಅಂಗಳದಲ್ಲಿ ಮಲಗಿ ಓದಿ ಪಡೆದದ್ದು. ಅವರ ಮನೆತನದಲ್ಲಿ ಅಂಥದೊಂದು ಕಾಗದ ಬಂದದ್ದು ಅದೇ ಮೊದಲು.

ಸಂಜೆ ಬಾಗಿಲು ತೆರೆದಾಗ ಬುಂದಿ ಮೇಜಿನ ಕೆಳಗಿತ್ತು. ಅದೇ ಕಿವಿ, ಅದೇ ಓರೆಗಣ್ಣು, ಅದೇ ನಾಲಗೆ. ಪಕ್ಕದಲ್ಲಿ ಅದು ಮಲಗುವ ಹಳೆಯ ಬೆಡ್‌ಶೀಟಿನ ಮೇಲೆ ಕಾಗದದ ಚೂರುಗಳು ಬಿದ್ದಿದ್ದವು. ಒಂದು ಚೂರಿನಲ್ಲಿ ಮುದ್ರೆಯ ಅರ್ಧ, ಇನ್ನೊಂದರಲ್ಲಿ ಅವನ ಹೆಸರಿನ ಮೊದಲೆರಡು ಅಕ್ಷರ.

ಸಂಗಮೇಶ ಮೊಳೆಗೆ ನೇತುಹಾಕಿದ್ದ ನಾಯಿಯ ಬೆಲ್ಟನ್ನು ತೆಗೆದು ಎರಡು ಸುತ್ತು ಮಡಚಿದ. ಕೊರಳಪಟ್ಟಿ ಹಿಡಿದು ಹೊರಗೆಳೆದು ಹೊಡೆದ. ಎಷ್ಟು ಹೊಡೆದನೆಂದು ಅವನಿಗೇ ತಿಳಿಯಲಿಲ್ಲ. ಈ ಸಲ ಬುಂದಿ ಕೂಗಿತು. ಆ ಕೂಗಿಗೆ ಕೆಳಗೆ ಕಮಲಾದೇವಿಯವರ ಟಿವಿಯ ಸದ್ದು ಕಡಿಮೆಯಾಯಿತು. ಆಗಷ್ಟೇ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದ ಭಾಗ್ಯಜ್ಯೋತಿ ಓಡಿ ಬಂದು ಅವನ ಕೈ ಹಿಡಿದಳು.

"ಸಾಕು ಬಿಡ್ರಿ. ಸಾಯತೈತಿ ಅದು."

"ಸಾಯಲಿ. ನನ್ನ ಜೀವನಾನ ಹರದ ಒಗದೈತಿ ಇದು."

ಮೇಘಶ್ರೀ ಒಳಕೋಣೆಯ ಬಾಗಿಲಿಗೆ ಆತು ನಿಂತಿದ್ದಳು, ಅಂಗೈ ಬಾಯಿಯ ಮೇಲಿಟ್ಟುಕೊಂಡು. ಅವನು ಫೋನು ತೆಗೆದು ನಿಂಗರಾಜನಿಗೆ ಮಾಡಿದ. ನಿಂಗರಾಜ ಅಪಾರ್ಟ್‌ಮೆಂಟಿನ ಪ್ಲಂಬರು, ಕಗ್ಗಲೀಪುರದಾಚೆಯ ಹಳ್ಳಿಯವನು. ತೋಟಕ್ಕೆ ಒಂದು ನಾಯಿ ಬೇಕೆಂದು ಹಿಂದೊಮ್ಮೆ ಅಂದಿದ್ದ.

"ನಾಳೆ ಬೆಳಿಗ್ಗೆ ಬಂದು ತಗೊಂಡ್ಹೋಗು. ಹೂಂ, ಪುಕ್ಕಟೆ. ಮತ್ತ ವಾಪಸ್ ತರಬ್ಯಾಡ."

ಬೆಳಿಗ್ಗೆ ಏಳಕ್ಕೆ ನಿಂಗರಾಜ ಗೂಡ್ಸ್ ಆಟೊ ತಂದ. ಹಿಂದೆ ಪೈಪುಗಳ ನಡುವೆ ಜಾಗ ಮಾಡಿದ್ದ. ಬುಂದಿ ಸುತ್ತಾಡಲು ಹೊರಟಂತೆ ತಾನೇ ಹಾರಿ ಹತ್ತಿತು. ಮೇಘಶ್ರೀ ಯೂನಿಫಾರ್ಮಿನಲ್ಲಿ ಕೆಳಗಿಳಿದು ಬಂದು ಆ ಹಳೆಯ ಬೆಡ್‌ಶೀಟನ್ನು ಮಡಚಿ ನಿಂಗರಾಜನ ಕೈಗೆ ಕೊಟ್ಟಳು. ಅಳಲಿಲ್ಲ. ನಾಯಿಯನ್ನು ಮುಟ್ಟಲೂ ಇಲ್ಲ. ತಿಂಡಿ ತಿನ್ನದೆ ವ್ಯಾನು ಹತ್ತಿದಳು.

"ಕಳಿಸ್ಬಿಟ್ರಾ?" ಎಂದರು ಗೇಟಿನ ಬಳಿ ನೀರು ಹಾಕುತ್ತಿದ್ದ ಕಮಲಾದೇವಿ. "ಪಾಪ, ಬೊಗಳೋದೊಂದು ಬಿಟ್ರೆ ಒಳ್ಳೇದಿತ್ತಪ್ಪ. ನಾನೇನು ಕಳಿಸಿ ಅಂತ ಯಾವತ್ತೂ ಹೇಳಿರ್ಲಿಲ್ಲ."

ತಿಂಗಳಿಗೆ ಎರಡು ಸಲವಾದರೂ ಹೇಳಿದ್ದರು. ಸಂಗಮೇಶ "ಹೌದ್ರಿ ಆಂಟಿ" ಎಂದು ಸ್ಕೂಟರು ಒದ್ದ. ಅದು ನಾಲ್ಕನೇ ಸಲಕ್ಕೆ ಹತ್ತಿಕೊಂಡಿತು.

ಅಂದು ಸಂಜೆ ಅವನು ಬೇಗ ಬಂದ. ಕೆಳಗೆ ಗಾಡಿ ನಿಲ್ಲಿಸುವಾಗ ಮೇಲಿನಿಂದ ಕಾರ್ಟೂನಿನ ಸದ್ದು ಕೇಳುತ್ತಿತ್ತು. ಅವನು ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ನಿಂತುಹೋಯಿತು. ಬಾಗಿಲು ತೆರೆದರೆ ಮೇಘಶ್ರೀ ಮಂಚದ ಮೇಲೆ ಪುಸ್ತಕ ಹಿಡಿದಿದ್ದಳು. ಮೇಜಿನ ಕೆಳಗೆ ಏನೂ ಇರಲಿಲ್ಲ. ಅವನು ಅಭ್ಯಾಸಬಲದಿಂದ ಅಲ್ಲಿಗೊಮ್ಮೆ ಬಗ್ಗಿ ನೋಡಿದ್ದ.

ಬೆಳಗಾದರೆ ಇಂಟರ್‌ವ್ಯೂ. ಜೆರಾಕ್ಸ್ ಪ್ರತಿ ಹೇಗೂ ಇತ್ತು. ಅಸಲಿನ ಚೂರುಗಳನ್ನಾದರೂ ಜೋಡಿಸಿ ತೋರಿಸೋಣವೆಂದು ಮೇಜಿನ ಮೇಲೆ ಪೇಪರು ಹಾಸಿ, ಸೆಲ್ಲೋಟೇಪು ಹಿಡಿದು ಕೂತ. ಹನ್ನೊಂದು ಚೂರು. ಅಂಚಿಗೆ ಅಂಚು ಕೂಡಿಸುತ್ತ ಹೋದಂತೆ ಅವನ ಕೈ ನಿಧಾನವಾಯಿತು.

ಚೂರುಗಳು ಸರಿಯಾಗಿ ಕೂಡುತ್ತಿದ್ದವು. ಎಲ್ಲಿಯೂ ಹಲ್ಲಿನ ತೂತಿರಲಿಲ್ಲ. ಜಗಿದದ್ದಿರಲಿಲ್ಲ, ಜೊಲ್ಲು ಒಣಗಿದ ಸುಕ್ಕಿರಲಿಲ್ಲ, ಒಂದು ತುಣುಕೂ ಕಡಿಮೆಯಾಗಿರಲಿಲ್ಲ. ಬುಂದಿ ಹರಿದ ಚಪ್ಪಲಿ, ಕಾಲ್ಚೀಲ, ಟವೆಲು, ಎಲ್ಲವೂ ಅವನ ಕಣ್ಣ ಮುಂದೆ ಬಂದವು. ಇದು ಹಾಗೆ ಹರಿದದ್ದಲ್ಲ. ನಡುವೆ ಹಿಡಿದು ಎರಡು ಮಾಡಿ, ಎರಡನ್ನೂ ಒಂದರ ಮೇಲೊಂದಿಟ್ಟು ಮತ್ತೆ ಹರಿದಂತಿತ್ತು. ಎಂಟನೇ ಚೂರು ಕೂಡಿಸಿದಾಗ ಅಂಕಗಳ ಸಾಲಿನ ಮೇಲೆ ಕಂದು ಬಣ್ಣದ ಅಗಲವಾದ ಕಲೆಯೊಂದು ಪೂರ್ತಿ ಕಾಣಿಸಿತು. ಮೂಗಿನ ಹತ್ತಿರ ಹಿಡಿದ. ಬೂಸ್ಟಿನ ವಾಸನೆ.

ಅವನು ತಲೆ ಎತ್ತಿದ. ಮೇಘಶ್ರೀ ಒಳಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ.

ಸಂಗಮೇಶ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಅಷ್ಟಕ್ಕೆ ಹುಡುಗಿ ಗೋಡೆಗೆ ಒತ್ತಿಕೊಂಡು ಮುಖ ಪಕ್ಕಕ್ಕೆ ತಿರುಗಿಸಿ, ಎಡಗೈಯನ್ನು ಮಡಚಿ ಕಿವಿಗೆ ಅಡ್ಡ ಹಿಡಿದಳು. ಭುಜಗಳು ಕಿವಿಯ ತನಕ ಬಂದಿದ್ದವು. ನಾಲಗೆ ಒಣ ತುಟಿಯ ಮೇಲೆ ಒಮ್ಮೆ ಆಡಿತು.

ಅವನು ಮಗಳಿಗೆ ಹೊಡೆದದ್ದು ಎರಡೇ ಸಲ. ಮೂರಿರಬಹುದು. ನಿನ್ನೆ ಮೇಜಿನ ಕೆಳಗೆ ಕೂತಿದ್ದ ನಾಯಿ ಈ ಕಾಗದವನ್ನು ಮುಟ್ಟಿಯೂ ಇರಲಿಲ್ಲ. ಆದರೂ ಕೂತಿತ್ತು. ಕಿವಿ ಮಡಚಿಕೊಂಡು, ಬಾಲ ಆಡಿಸಿಕೊಂಡು.

"ಬೂಸ್ಟ್ ಚೆಲ್ತು ಪಪ್ಪಾ," ಎಂದಳು ಮೇಘಶ್ರೀ, ಕೈ ಇಳಿಸದೆ. "ಒರೆಸಿದ್ರೆ ಇಂಕು ಹರಡ್ತು. ಸ್ವಲ್ಪ ಹರ್ದೋಯ್ತು. ಆಮೇಲೆ..."

"ಆಮ್ಯಾಲ?"

"ಬುಂದಿ ಹಾಸಿಗೆ ಮೇಲೆ ಹಾಕ್ದೆ."

ಸಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಕೆಲಸದ ಆಸೆ ಹೋಯಿತು, ನಾಯಿ ಹೋಯಿತು, ಮಾಡಿದವಳು ಎದುರಿಗೆ ನಿಂತಿದ್ದಾಳೆ, ಮತ್ತು ಅವನಿಗೆ ಕೈ ಎತ್ತಲು ಆಗುತ್ತಿಲ್ಲ. ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಲು ಹೋದ. ಕುರ್ಚಿಯ ಸದ್ದಿಗೂ ಹುಡುಗಿ ಬೆಚ್ಚಿದಳು. ಅದನ್ನು ಹಾಗೇ ಬಿಟ್ಟು ತಾರಸಿಗೆ ಹೋದ.

ಭಾಗ್ಯಜ್ಯೋತಿ ಬಟ್ಟೆ ಒಣಗಿಸುವ ತಂತಿಯ ಬಳಿ ಇದ್ದಳು. ಅವಳು ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಸೀರೆಗೆ ಫಾಲ್ ಹೊಲಿದು ಕುಚ್ಚು ಕಟ್ಟುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಬೆರಳ ತುದಿಗಳಲ್ಲಿ ಯಾವಾಗಲೂ ಬಣ್ಣದ ದಾರದ ಎಳೆ ಅಂಟಿರುತ್ತಿತ್ತು. ಅವನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು ಒಂದು ಕ್ಲಿಪ್ಪು ಹಾಕಿದಳು.

"ನನಗ ಗೊತ್ತಿತ್ತು."

"ಏನ್ ಗೊತ್ತಿತ್ತು?"

"ನಿನ್ನೆ ನಾ ಬಂದಾಗ ಮೇಜು ಒರಸಿದ ಅರಿವಿ ಸಿಂಕಿನಾಗ ನೆನೆ ಇಟ್ಟಿದ್ಲು. ಬೂಸ್ಟಿನ ಲೋಟಾನೂ ತೊಳದಿಟ್ಟಿದ್ಲು. ಯಾವತ್ತರ ತೊಳೀತಾಳೇನು ಆಕಿ?"

"ಮತ್ತ ನನಗ ಯಾಕ ಹೇಳಲಿಲ್ಲ ನೀ?"

ಅವಳು ತಿರುಗಿ ಅವನನ್ನು ನೋಡಿದಳು. ದನಿ ಏರಲಿಲ್ಲ. "ನಿಮ್ಮ ಕೈಯಾಗ ಬೆಲ್ಟಿತ್ತು."

ಸಂಗಮೇಶ ಪ್ಯಾರಾಪೆಟ್ಟಿಗೆ ಕೈ ಊರಿ ನಿಂತ. ಎದುರು ಮನೆಯ ಬಾಲ್ಕನಿಯಲ್ಲಿ ಹುಡುಗಿಯೊಬ್ಬಳು ಫೋನಿನಲ್ಲಿ ನಗುತ್ತಿದ್ದಳು. ಹೊರವರ್ತುಲ ರಸ್ತೆಯ ಕಡೆಯಿಂದ ಬಸ್ಸುಗಳ ಹಾರ್ನು ಕೇಳುತ್ತಿತ್ತು.

"ನಾಯಿ ಹೋದ್ರ ತರಬೌದು ಅನಿಸ್ತು," ಎಂದಳು ಭಾಗ್ಯಜ್ಯೋತಿ. "ತಪ್ಪs. ಆ ಮೂಕ ಪ್ರಾಣಿ ಏನ್ ಮಾಡಿತ್ತು. ಆದ್ರ ಆ ಹೊತ್ತಿನಾಗ ನನಗ ಅಷ್ಟs ತೋಚಿದ್ದು." ಬಕೀಟು ಎತ್ತಿಕೊಂಡು ಕೆಳಗೆ ಹೋದಳು.

ಮರುದಿನ ಇಂಟರ್‌ವ್ಯೂ ಹದಿನೈದು ನಿಮಿಷದಲ್ಲಿ ಮುಗಿಯಿತು. ಕೇಳಿದ್ದಕ್ಕೆಲ್ಲ ಅವನು ಚೆನ್ನಾಗಿಯೇ ಉತ್ತರಿಸಿದ. ಕೊನೆಗೆ ಟೇಪು ಹಚ್ಚಿದ ಕಾಗದವನ್ನು ನೋಡಿ, ಪ್ರಶ್ನೆ ಕೇಳುತ್ತಿದ್ದ ಮೇಡಂ ಹುಬ್ಬೇರಿಸಿದಳು.

"ಏನ್ ಸರ್ ಇದು? ಮಕ್ಕಳಾ?"

"ಅಲ್ಲ ಮೇಡಂ. ನನ್ನಿಂದಲೇ ಆಗಿದ್ದು," ಎಂದ ಸಂಗಮೇಶ. ಆಮೇಲೆ ಯಾಕೆ ಹಾಗೆಂದೆನೆಂದು ಅವನಿಗೂ ತಿಳಿಯಲಿಲ್ಲ.

"ಇದು ನಡೆಯಲ್ಲ ಸರ್. ಡುಪ್ಲಿಕೇಟ್‌ಗೆ ಅಪ್ಲೈ ಮಾಡಿ, ಬಂದ್ಮೇಲೆ ಹೇಳಿ. ಅಲ್ಲೀವರ್ಗೂ ಪೋಸ್ಟ್ ಖಾಲಿ ಇದ್ರೆ ನೋಡೋಣ."

"ಸಾರಿ ಮೇಡಂ," ಎಂದು ಎದ್ದು ಬಂದ.

ಭಾನುವಾರ ಬೆಳಿಗ್ಗೆ ದೋಸೆ ತಿನ್ನುವಾಗ, "ನಿಂಗರಾಜನ ಊರಿಗೆ ಹೊಂಟೇನಿ. ಬರ್ತೀಯೇನು?" ಎಂದು ಮಗಳನ್ನು ಕೇಳಿದ. ಎರಡು ದಿನದಲ್ಲಿ ಅವಳೊಡನೆ ಆಡಿದ ಮೊದಲ ಮಾತು ಅದು. ಮೇಘಶ್ರೀ ತಾಯಿಯ ಮುಖ ನೋಡಿದಳು. ತಾಯಿ ತಲೆಯಾಡಿಸಿದಳು.

ಸ್ಕೂಟರು ಕನಕಪುರ ರಸ್ತೆಯ ಮೆಟ್ರೊ ಕಂಬಗಳ ಪಕ್ಕ ಸಾಗಿತು. ಯಾವಾಗಲೂ ಅವನ ಸೊಂಟ ತಬ್ಬಿ ಕೂರುತ್ತಿದ್ದವಳು ಅಂದು ಹಿಂದಿನ ಕಬ್ಬಿಣದ ಹಿಡಿ ಹಿಡಿದುಕೊಂಡಿದ್ದಳು. ಕನ್ನಡಿಯಲ್ಲಿ ಅವಳ ಮೊಣಕೈ ಮಾತ್ರ ಕಾಣುತ್ತಿತ್ತು. ಒಂದು ಸಿಗ್ನಲ್ಲಿನಲ್ಲಿ ಅವನು, "ಸರಿಯಾಗಿ ಹಿಡ್ಕೊ," ಎಂದ. ಅವಳು ಅದೇ ಹಿಡಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು.

ನಿಂಗರಾಜನ ಮನೆ ತೋಟದ ಅಂಚಿನಲ್ಲಿತ್ತು. ಹೆಂಚಿನ ಮನೆ, ಮುಂದೆ ಸೆಗಣಿ ಸಾರಿಸಿದ ಅಂಗಳ, ಪಕ್ಕದಲ್ಲಿ ಎರಡು ಸೀಮೆಹಸು. ಸ್ಕೂಟರಿನ ಸದ್ದಿಗೆ ಹಸುವಿನ ಕೊಟ್ಟಿಗೆಯ ಹಿಂದಿನಿಂದ ಬುಂದಿ ಹೊರಗೆ ಬಂತು. ಹಗ್ಗ ಕಟ್ಟಿರಲಿಲ್ಲ. ಮೇಘಶ್ರೀಯನ್ನು ಕಂಡದ್ದೇ ಅದರ ಮೈಯೆಲ್ಲ ಬಾಲವಾಯಿತು. ಕುಣಿಯುತ್ತ ಅರ್ಧ ಅಂಗಳ ಓಡಿ ಬಂದದ್ದು, ಹಿಂದೆ ಹೆಲ್ಮೆಟ್ಟು ತೆಗೆಯುತ್ತಿದ್ದವನನ್ನು ಕಂಡು ನಿಂತಿತು. ಕಿವಿ ಹಿಂದಕ್ಕೆ ಹೋದವು. ಹೊಟ್ಟೆ ನೆಲಕ್ಕಿಳಿಯಿತು. ಅದರಡಿಯಿಂದ ಸಣ್ಣಗೆ ಉಚ್ಚೆ ಹರಿದು ಸಾರಿಸಿದ ನೆಲದ ಮೇಲೆ ಗೆರೆಯಾಯಿತು.

"ಬುಡಿ ಸಾ, ಎರಡು ದಿನದಿಂದ ಒಂದ್ ತುತ್ತು ಮುಟ್ಟಿಲ್ಲ ಅದು," ಎಂದ ನಿಂಗರಾಜ. "ನಾನೇ ಫೋನ್ ಮಾಡಾಣ ಅಂತಿದ್ದೆ. ನೀವು ಬೈತೀರಿ ಅಂತ ಸುಮ್ಕಾದೆ."

ಸಂಗಮೇಶ ಒಂದು ಹೆಜ್ಜೆ ಮುಂದಿಟ್ಟ. ನಾಯಿ ಅಷ್ಟೇ ಹಿಂದೆ ಸರಿಯಿತು. "ಬಾ ಬುಂದಿ," ಎಂದ. ಎಷ್ಟು ಮೆತ್ತಗೆ ಹೇಳಬೇಕೆಂದುಕೊಂಡರೂ ದನಿ ಗದರಿದಂತೆಯೇ ಬಂತು. ಮತ್ತೆ ಕರೆದ. ಅದು ಮುಖ ತಿರುಗಿಸಿ ಮೂಗು ನೆಕ್ಕಿಕೊಂಡಿತು. ನಿಂಗರಾಜ ಬಿಸ್ಕತ್ತು ತಂದುಕೊಟ್ಟ, ಸಂಗಮೇಶ ಕೈ ಚಾಚಿ ಬಗ್ಗಿದ. ಚಾಚಿದ ಕೈ ಕಂಡು ಅದು ಕೊಟ್ಟಿಗೆಯ ಹಿಂದಕ್ಕೆ ಓಡಿಹೋಯಿತು.

ಅವನಿಗೆ ಬೆವರಿತು. ಇಷ್ಟು ದೂರ ಬಂದು ಎಲ್ಲರೆದುರು ಒಂದು ನಾಯಿಯನ್ನು ಬೇಡುತ್ತ ನಿಂತಿದ್ದೇನೆಂದು ಹಳೆಯ ಸಿಟ್ಟು ಕುತ್ತಿಗೆಯ ಹತ್ತಿರ ಬೆಚ್ಚಗೆ ಏರತೊಡಗಿತು. ಹಗ್ಗ ಹಾಕಿ ಎಳೆದುಕೊಂಡು ಹೋದರಾಯಿತು. ಅವನು ನಿಂಗರಾಜನ ಕಡೆಗೆ ತಿರುಗಿ, "ಹಗ್ಗ ಐತೇನು?" ಎಂದ.

ಹಸುವಿಗೆ ಹುಲ್ಲು ಹಾಕುತ್ತಿದ್ದ ನಿಂಗರಾಜನ ತಾಯಿ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾದಳು.

"ಕೂತ್ಕಳಪ್ಪ ಮೊದ್ಲು. ಅಷ್ಟೆತ್ತರ ನಿಂತ್ಕಂಡು ಬಾ ಬಾ ಅಂದ್ರೆ ಯಾರ್ ಬಂದಾರು."

ಮನೆಯ ಮುಂದೆ ಬಟ್ಟೆ ಒಗೆಯುವ ಉದ್ದನೆಯ ಕಲ್ಲೊಂದಿತ್ತು. ಸಂಗಮೇಶ ಅದರ ಮೇಲೆ ಕೂತ. ಸ್ವಲ್ಪ ಹೊತ್ತು ಬಿಟ್ಟು, ಮುದುಕಿ ಹೇಳದಿದ್ದರೂ, ಕಲ್ಲಿನಿಂದಿಳಿದು ನೆಲದ ಮೇಲೇ ಕೂತ, ಕೊಟ್ಟಿಗೆಗೆ ಬೆನ್ನು ಮಾಡಿ, ಕಾಲು ಮಡಚಿ. ಇಂಟರ್‌ವ್ಯೂಗೆಂದು ಇಸ್ತ್ರಿ ಮಾಡಿಸಿದ ಪ್ಯಾಂಟು ಅದು. ಮೇಘಶ್ರೀ ದೂರದಲ್ಲಿ, ಕಲ್ಲಿನ ಆ ತುದಿಯಲ್ಲಿ ನಿಂತಿದ್ದಳು.

"ಪಪ್ಪಾ, ನಾನು ಕರೀಲಾ? ನಾನ್ ಕರದ್ರೆ ಬರ್ತಾಳೆ."

"ಬ್ಯಾಡ. ತಾನs ಬರ್ಲಿ."

"ಬರ್ದೇ ಇದ್ರೆ?"

"ಕುಂತಿರೂಣು," ಎಂದ.

ನಿಂಗರಾಜ ಟೀ ತಂದು ಪಕ್ಕದಲ್ಲಿಟ್ಟು ಹೋದ. ಅದರ ಮೇಲೆ ಕೆನೆ ಕಟ್ಟಿತು. ಕಲ್ಲಿನ ಬುಡದ ಬಿರುಕಿನಿಂದ ಕೆಂಪಿರುವೆಗಳು ಸಾಲು ಹಿಡಿದು ಹೊರಟು, ಒಂದೊಂದಾಗಿ ಅವನ ಪ್ಯಾಂಟಿನ ಅಂಚು ಹತ್ತಿದವು. ಬೆನ್ನ ಹಿಂದೆ ಒಣಗಿದ ಹುಲ್ಲು ಸರಕ್ಕೆಂದಿತು. ನಿಂತಿತು. ಮತ್ತೆ ಸರಕ್ಕೆಂದಿತು. ಸಂಗಮೇಶ ತಿರುಗಲಿಲ್ಲ. ಸೊಂಟದ ಹತ್ತಿರ ಎಲ್ಲಿಯೋ ಬೆಚ್ಚನೆಯ ಉಸಿರೊಂದು ಬಂದು ಹೋದಂತಾಯಿತು.

"ಪಪ್ಪಾ," ಎಂದು ಪಿಸುಗುಟ್ಟಿದಳು ಮೇಘಶ್ರೀ. ಯಾವಾಗಲೋ ಅವಳೂ ನೆಲಕ್ಕಿಳಿದು ಕೂತಿದ್ದಳು. ಇಬ್ಬರ ನಡುವೆ ಇನ್ನೂ ಒಂದು ಮಾರು ಅಂತರವಿತ್ತು. "ಅಲ್ಲಾಡ್ಬೇಡ."

ಇರುವೆ ಪಾದದ ಗಿಣ್ಣಿನಲ್ಲಿ ಕಚ್ಚಿತು, ಆಮೇಲೆ ಅದರ ಮೇಲೆ ಇನ್ನೊಂದು ಕಡೆ. ಕಾಲು ಜೋಮು ಹಿಡಿದು ಭಾರವಾಗಿತ್ತು. ಅವನು ಎರಡೂ ಅಂಗೈಗಳನ್ನು ಮೇಲ್ಮುಖವಾಗಿ ತೊಡೆಯ ಮೇಲೆ ತೆರೆದಿಟ್ಟುಕೊಂಡು, ಎದುರಿನ ಬೇಲಿಯಾಚೆ ಗಾಳಿಗೆ ಆಡುತ್ತಿದ್ದ ರಾಗಿಯ ಪೈರನ್ನು ನೋಡುತ್ತ ಹಾಗೆಯೇ ಕೂತಿದ್ದ.